ಟ್ಯಾಬ್ಲೆಟ್ ಬಂತು, ಕಲಿಸುವವರು ಬರಲಿಲ್ಲ: ತುರ್ತು ಗ್ರಾಂಟ್ ಜೊತೆ ನನ್ನ ಒಂದು ವರ್ಷ

ಮಾರ್ಚ್ 2020. ಕಟ್ಟಡದ ಕಾಮನ್ ರೂಮಿಗೆ ಬೀಗ ಹಾಕಿ ಮನೆಗೆ ಬಂದು ಕೂತಿದ್ದೆ. 307ನೇ ಮನೆಯ ಅಜ್ಜಿ ಫೋನ್ ಮಾಡಿದರು. "ಸೋಮವಾರ ಊಟ ಎಲ್ಲಿ?" ಅಷ್ಟೇ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಷ್ಟರೊಳಗೆ ಹೇಳ್ತೀನಿ" ಅಂದು ಫೋನ್ ಇಟ್ಟೆ. ವಾರಕ್ಕೆ ಐದು ದಿನ ಆ ರೂಮಿನಲ್ಲಿ ಮಧ್ಯಾಹ್ನದ ಊಟ ನಡೆಯುತ್ತಿತ್ತು. ಬೀಗ ಹಾಕುವಾಗ ಸೋಂಕಿನ ಬಗ್ಗೆ ಯೋಚಿಸಿದ್ದೆ, ಊಟದ ಬಗ್ಗೆ ಯೋಚಿಸಿರಲಿಲ್ಲ.

ನಾನಿರುವುದು ಅಮೆರಿಕದ ಓಹಾಯೊದಲ್ಲಿ. ಒಂದು ಸಣ್ಣ ಲಾಭರಹಿತ ಸಂಸ್ಥೆ ನಡೆಸುವ ಸಬ್ಸಿಡಿ ವಸತಿ ಕಟ್ಟಡದಲ್ಲಿ ಸರ್ವಿಸ್ ಕೋಆರ್ಡಿನೇಟರ್ ಕೆಲಸ. 96 ಮನೆ, ಎಲ್ಲರೂ 62 ದಾಟಿದವರು. ಕಡಿಮೆ ಆದಾಯದ ವೃದ್ಧರ ವಸತಿಗಾಗಿ ಇರುವ ಸೆಕ್ಷನ್ 202 ಅನ್ನುವ ಯೋಜನೆಯಲ್ಲಿ ಕಟ್ಟಿದ್ದು. 1959ರ ವಸತಿ ಕಾಯ್ದೆಯಿಂದ ಶುರುವಾದ ಯೋಜನೆ ಅದು. ಬಾಡಿಗೆಯ ಸಬ್ಸಿಡಿ ಸೆಕ್ಷನ್ 8 ಅನ್ನುವ ಕೇಂದ್ರದ ಬಾಡಿಗೆ ನೆರವಿನ ಯೋಜನೆಯಿಂದ ಬರುತ್ತದೆ. ಕೇಂದ್ರ ಸರ್ಕಾರದ ವಸತಿ ಇಲಾಖೆಗೆ ಇಲ್ಲಿ ಎಲ್ಲರೂ 'ಹಡ್' ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಲೆಕ್ಕ ಗೊತ್ತಿಲ್ಲದವರಿಗೆ ಒಂದು ಉದಾಹರಣೆ. 2020ರಲ್ಲಿ ಬೇರೆ ಆದಾಯವೇ ಇಲ್ಲದ ಒಂಟಿ ವೃದ್ಧರಿಗೆ ಕೇಂದ್ರದಿಂದ ಸಿಗುತ್ತಿದ್ದ ಎಸ್‌ಎಸ್‌ಐ ಹಣ ತಿಂಗಳಿಗೆ ಹೆಚ್ಚೆಂದರೆ 783 ಡಾಲರ್. ಆಗ ವೃದ್ಧರ ಮನೆಗೆ ವರ್ಷಕ್ಕೆ 400 ಡಾಲರ್ ಕಳೆದು, ಉಳಿದ ಆದಾಯದಲ್ಲಿ ಶೇ. 30 ಬಾಡಿಗೆ. ಅಂದರೆ ಸುಮಾರು 225 ಡಾಲರ್. ಕೈಯಲ್ಲಿ ಉಳಿಯುವುದು 558. ಊಟ, ಫೋನ್, ಸೋಪು, ಬಸ್ಸು, ಔಷಧಿಯ ಪಾಲು ಎಲ್ಲ ಅದರಲ್ಲೇ. ನಮ್ಮಲ್ಲಿ ಮೂರನೇ ಒಂದು ಭಾಗದಷ್ಟು ಮನೆಗಳ ಬದುಕು ಹೀಗೆ.

ಇದು ವೃದ್ಧಾಶ್ರಮ ಅಲ್ಲ. ಇದನ್ನು ಆ ವರ್ಷ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನರ್ಸ್ ಇಲ್ಲ, ಅಡುಗೆಮನೆ ಸಿಬ್ಬಂದಿ ಇಲ್ಲ, ರಾತ್ರಿ ಕಾವಲಿಗೂ ಯಾರಿಲ್ಲ. ಪ್ರತಿಯೊಬ್ಬರದ್ದೂ ಸ್ವಂತ ಬಾಡಿಗೆ ಮನೆ, ಸ್ವಂತ ಬೀಗ. ನನ್ನ ಕೆಲಸ ಸೇವೆಗಳನ್ನು ಹೊಂದಿಸಿ ಕೊಡುವುದು. ನಿಯಮದ ಪ್ರಕಾರ ಸೇವೆಯನ್ನು ನಾನೇ ಮಾಡುವಂತಿಲ್ಲ. ಅವರ ದುಡ್ಡು ಮುಟ್ಟುವಂತಿಲ್ಲ. ನನ್ನ ಹತ್ತಿರ ಬರಲೇಬೇಕು ಅಂತ ಅವರಿಗೂ ಹೇಳುವಂತಿಲ್ಲ. ಆದರೆ ಹೊರಗಿನವರ ಕಣ್ಣಿಗೆ "ಮುದುಕರ ಕಟ್ಟಡ" ಅಂದರೆ ಅಲ್ಲಿ ಯಾರೋ ನೋಡಿಕೊಳ್ಳುತ್ತಾರೆ ಅಂತ. ಮಾಸ್ಕ್ ಹಂಚುವಾಗ ನರ್ಸಿಂಗ್ ಹೋಮ್‌ಗಳ ಪಟ್ಟಿಯಲ್ಲಿ ನಾವಿಲ್ಲ. ಊಟ ಹಂಚುವಾಗ "ನಿಮ್ಮಲ್ಲಿ ಕಿಚನ್ ಇರುತ್ತಲ್ವಾ?" ಅಂತ ಕೇಳುತ್ತಾರೆ. ಎರಡು ಬೆಂಚಿನ ಮಧ್ಯೆ ನೆಲಕ್ಕೆ ಬಿದ್ದ ಹಾಗೆ ಆಗಿತ್ತು ನಮ್ಮ ಸ್ಥಿತಿ.

ಮೊದಲ ವಾರ ನಾವು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದರೆ ಫೋನ್ ಮಾಡಿದ್ದು. ಮ್ಯಾನೇಜರ್, ನಾನು, ಮೂವರು ಸ್ವಯಂಸೇವಕರು. 96 ಮನೆಗೆ ಮನೆಯಿಂದಲೇ ಫೋನ್. ಒಂದೊಂದು ಕರೆಗೆ ಹದಿನೈದು ನಿಮಿಷ ಅಂದುಕೊಂಡಿದ್ದೆವು. ಕೆಲವು ಒಂದು ಗಂಟೆ ಹಿಡಿದವು, ಜನ ಮಾತಿಗೆ ಹಸಿದಿದ್ದರು. ಒಂದು ಹಾಳೆ ಮಾಡಿಕೊಂಡೆವು. ಎಷ್ಟು ದಿನಕ್ಕೆ ಊಟದ ಸಾಮಾನಿದೆ, ಔಷಧಿ ಎಂದಿಗೆ ಮುಗಿಯುತ್ತದೆ, ಮನೆಗೆ ಬರುವ ಸಹಾಯಕಿ ಈಗಲೂ ಬರುತ್ತಿದ್ದಾರಾ, ಫೋನ್ ಎಂಥದ್ದು, ಇಂಟರ್ನೆಟ್ ಇದೆಯಾ, ಫುಡ್ ಸ್ಟ್ಯಾಂಪ್ (ಊಟದ ಸಾಮಾನಿಗೆ ಸರ್ಕಾರ ಕೊಡುವ ನೆರವು) ಬರುತ್ತಾ, ಯಾವ ಭಾಷೆ ಸಲೀಸು. ಕೊನೆಗೆ ಒಂದು ಖಾಲಿ ಕಾಲಂ, "ಬೇರೆ ಏನಾದರೂ". ಆಮೇಲೆ ನೋಡಿದರೆ ಆ ಖಾಲಿ ಕಾಲಮ್ಮೇ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. "ಕಿವಿ ಮೆಷಿನ್ನಿನ ಬ್ಯಾಟರಿ ಮುಗಿದಿದೆ." "ಬಟ್ಟೆ ಒಗೆಯುವ ಮೆಷಿನ್ನಿಗೆ ಚಿಲ್ಲರೆ ಇಲ್ಲ, ಬ್ಯಾಂಕಿಗೆ ಹೋಗೋಕೆ ಭಯ." "ಗಂಡನ ವರ್ಷಾಂತಿಕ ಏಪ್ರಿಲ್‌ನಲ್ಲಿ, ಚರ್ಚ್ ತೆರೆದಿರುತ್ತಾ?" ಇವಕ್ಕೆಲ್ಲ ಯಾವ ಗ್ರಾಂಟ್ ಫಾರಂನಲ್ಲಿ ಜಾಗ ಇರುತ್ತೆ ಹೇಳಿ.

ದುಡ್ಡಿನ ಕಥೆ ಅಲ್ಲಿಂದ ಶುರು. ಮಾರ್ಚ್ 27ಕ್ಕೆ ಕೇರ್ಸ್ ಅನ್ನುವ ಕೊರೋನಾ ಪರಿಹಾರ ಕಾಯ್ದೆಗೆ ಸಹಿ ಬಿತ್ತು. ಸೆಕ್ಷನ್ 202 ವಸತಿಗೆ 5 ಕೋಟಿ ಡಾಲರ್, ಅದರಲ್ಲಿ ಸರ್ವಿಸ್ ಕೋಆರ್ಡಿನೇಟರ್ ಕೆಲಸಕ್ಕೆ 1 ಕೋಟಿವರೆಗೆ. ಸೆಕ್ಷನ್ 8ರ ಕಟ್ಟಡಗಳಿಗೆ 100 ಕೋಟಿ. ನಗರಗಳ ಮೂಲಕ ಬರುವ ಸಿಡಿಬಿಜಿ ಅನ್ನುವ ಅಭಿವೃದ್ಧಿ ಅನುದಾನಕ್ಕೆ 500 ಕೋಟಿ. ನಮ್ಮ ಬೋರ್ಡಿನ ಒಬ್ಬರು ಪೇಪರ್ ಓದಿ ಖುಷಿಯಿಂದ ಫೋನ್ ಮಾಡಿದರು, "ಇನ್ನೇನು ಯೋಚನೆ ಇಲ್ಲ ಬಿಡಿ." ಸಹಿ ಬಿದ್ದ ದುಡ್ಡಿಗೂ ಬಾಗಿಲಿಗೆ ಬರುವ ಊಟದ ಡಬ್ಬಿಗೂ ಮಧ್ಯೆ ಎಷ್ಟು ಮೇಜುಗಳಿವೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಅರ್ಧ ಮಾತ್ರ ಗೊತ್ತಿತ್ತು.

ಮೊದಲು ಕೈಗೆ ಬಂದಿದ್ದು ಸರ್ಕಾರದ ದುಡ್ಡಲ್ಲ. ಜಿಲ್ಲೆಯ ಒಂದು ದತ್ತಿ ನಿಧಿ ತುರ್ತು ಗ್ರಾಂಟ್ ಕೊಡುತ್ತಿತ್ತು. ಎರಡು ಪುಟದ ಅರ್ಜಿ. ಹನ್ನೊಂದು ದಿನಕ್ಕೆ 15,000 ಡಾಲರ್ ಖಾತೆಗೆ ಬಂತು. ಅವರು ಮುಂಗಡ ಕೊಡುತ್ತಾರೆ, ಲೆಕ್ಕ ಆಮೇಲೆ ಕೇಳುತ್ತಾರೆ. ತುರ್ತು ಹೊತ್ತಿನಲ್ಲಿ ಅಂಥ ಸಣ್ಣ ದುಡ್ಡಿನ ಬೆಲೆಯೇ ಬೇರೆ.

ಆ ದುಡ್ಡಿನಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಬಜೆಟ್ ಹೀಗೆ ಬರೆದಿದ್ದೆ: ಊಟದ ಸಾಮಾನಿಗೆ 6,000, ಟ್ಯಾಬ್ಲೆಟ್‌ಗಳಿಗೆ 5,000, ಮಾಸ್ಕ್ ಸ್ಯಾನಿಟೈಸರ್‌ಗೆ 2,500, ಸಿಬ್ಬಂದಿಯ ಹೆಚ್ಚುವರಿ ಗಂಟೆಗಳಿಗೆ 1,500. ಬರೆಯುವಾಗ ತುಂಬಾ ಚೆನ್ನಾಗಿ ಕಂಡಿತ್ತು. ದುಡ್ಡು ಕೊಡುವವರಿಗೆ ವಸ್ತು ಇಷ್ಟ. ಎಣಿಸಬಹುದು, ಫೋಟೋ ತೆಗೆಯಬಹುದು. "24 ಹಿರಿಯರಿಗೆ ಟ್ಯಾಬ್ಲೆಟ್" ಅಂತ ಬರೆದರೆ ವರದಿಗೂ ಚೆಂದ. ಸಂಬಳಕ್ಕೆ ದುಡ್ಡು ಕೇಳೋಕೆ ನನಗೇ ಸಂಕೋಚ. ಏನೋ ನಮಗೋಸ್ಕರ ಕೇಳಿದ ಹಾಗೆ ಅನಿಸುತ್ತಿತ್ತು.

ಟ್ಯಾಬ್ಲೆಟ್‌ಗಳು ಏಪ್ರಿಲ್ ಕೊನೆಗೆ ಬಂದವು. ಬಾಗಿಲ ಮುಂದೆ ಇಟ್ಟು, ಗಂಟೆ ಒತ್ತಿ, ಆರು ಅಡಿ ಹಿಂದೆ ನಿಂತೆವು. 212ನೇ ಮನೆಯ ಗುಜರಾತಿ ತಾತ ಬಾಗಿಲು ತೆರೆದು ಡಬ್ಬಿ ನೋಡಿದರು. "ಬೇಟಿ, ಇದನ್ನ ಏನು ಮಾಡಲಿ?" ಆನ್ ಮಾಡೋದು ಹೇಗೆ ಅಂತ ಆರು ಅಡಿ ದೂರದಿಂದ, ಮಾಸ್ಕ್ ಒಳಗಿಂದ, ಕಿವಿ ಮಂದ ಇರುವವರಿಗೆ ಹೇಳಿ ನೋಡಿ! ಆನ್ ಆಯಿತು ಅಂತಲೇ ಇಟ್ಟುಕೊಳ್ಳೋಣ, ವೈಫೈ ಎಲ್ಲಿದೆ? ಕಟ್ಟಡದ ವೈಫೈ ಇರುವುದು ಕಾಮನ್ ರೂಮಿನಲ್ಲಿ, ಆ ರೂಮಿಗೆ ಬೀಗ. ಇಂಟರ್ನೆಟ್ ಇರುವ ಮನೆ ಯಾವುದು ಅಂತ ನನ್ನ ಫೋನ್ ಹಾಳೆಯಲ್ಲೇ ಇತ್ತು. ಅದನ್ನು ನೋಡದೆ ಅರ್ಜಿ ಬರೆದಿದ್ದೆ! ಅರ್ಜಿ ಬರೆದ ದಿನ ಹಾಳೆ ಪೂರ್ತಿ ಆಗಿರಲಿಲ್ಲ ಅನ್ನೋದು ನಿಜ. ಆದರೂ ಎರಡು ದಿನ ಕಾಯಬಹುದಿತ್ತು. ಮೇ ತಿಂಗಳ ಕೊನೆಗೆ 24ರಲ್ಲಿ ಏಳು ಟ್ಯಾಬ್ಲೆಟ್ ಬಳಕೆಯಲ್ಲಿದ್ದವು. ಉಳಿದವು ಟಿವಿ ಮೇಲೆ, ಮಂಚದ ಕೆಳಗೆ. ಒಬ್ಬರು ಅದರ ಮೇಲೆ ಮಾತ್ರೆ ಡಬ್ಬಿ ಇಡುತ್ತಿದ್ದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆಯನ್ನು ನಾನು 4,800 ಡಾಲರ್ ಕೊಟ್ಟು ಕಲಿತೆ.

ಊಟದ ಸಾಮಾನಿನಲ್ಲೂ ಸ್ವಲ್ಪ ಇದೇ ಕಥೆ. ಮೊದಲ ಸುತ್ತಿನ ಪೆಟ್ಟಿಗೆಯಲ್ಲಿ ಡಬ್ಬಿ ತರಕಾರಿ, ಡಬ್ಬಿ ಸೂಪ್, ಪಾಸ್ತಾ. ಡಬ್ಬಿಯಲ್ಲಿ ಉಪ್ಪು ಜಾಸ್ತಿ, ಅರ್ಧ ಕಟ್ಟಡಕ್ಕೆ ಬಿಪಿ. ಡಬ್ಬಿ ತೆರೆಯೋಕೆ ಕೈಯಲ್ಲಿ ಬಲ ಬೇಕು, ಸಂಧಿವಾತ ಇರುವವರು ಏನು ಮಾಡಬೇಕು? ಎರಡನೇ ಮಹಡಿಯ ಚೀನೀ ದಂಪತಿ ಸೂಪ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಕಾರಿಡಾರಿನಲ್ಲಿಟ್ಟು, ಬೇಕಾದವರು ತಗೊಳ್ಳಿ ಅಂತ ಚೀಟಿ ಅಂಟಿಸಿದ್ದರು. ಎರಡನೇ ಸುತ್ತಿನಿಂದ ಮೂರು ಬಗೆ ಮಾಡಿದೆವು: ಉಪ್ಪು ಕಡಿಮೆಯದು, ಸಸ್ಯಾಹಾರದ್ದು, ಅಕ್ಕಿ ಬೇಳೆ ಮೊಟ್ಟೆಯದು. ಮೊಟ್ಟೆ ಎಲ್ಲರಿಗೂ ಇಷ್ಟ ಅನ್ನೋದು ಆ ವರ್ಷ ನಾನು ಕಂಡುಹಿಡಿದ ದೊಡ್ಡ ಸತ್ಯ. ಸಸ್ಯಾಹಾರಿಗಳ ಕ್ಷಮೆ ಕೋರುತ್ತೇನೆ.

ಇಷ್ಟರ ನಡುವೆ, ಗ್ರಾಂಟ್ ಅಲ್ಲದ ಒಂದು ದುಡ್ಡು ಕಣ್ಣಿಗೆ ಬಿತ್ತು. ಮಾರ್ಚ್ 18ಕ್ಕೆ ಆದ ಇನ್ನೊಂದು ಕಾಯ್ದೆ ಫುಡ್ ಸ್ಟ್ಯಾಂಪ್ ಪಡೆಯುವವರಿಗೆ ಆ ಅಳತೆಯ ಕುಟುಂಬದ ಗರಿಷ್ಠ ಮೊತ್ತ ಕೊಡಲು ರಾಜ್ಯಗಳಿಗೆ ಅವಕಾಶ ಮಾಡಿಕೊಟ್ಟಿತು. ಒಬ್ಬರೇ ಇರುವ ಮನೆಗೆ ಆಗ ಕನಿಷ್ಠ 16 ಡಾಲರ್, ಗರಿಷ್ಠ 194. ತಿಂಗಳಿಗೆ 16 ಡಾಲರಿಗೆ ಯಾರು ಅಷ್ಟು ಫಾರಂ ತುಂಬ್ತಾರೆ ಅಂತ ಬಿಟ್ಟವರು ನಮ್ಮಲ್ಲಿದ್ದರು. ಫೋನ್ ಹಾಳೆ ತೆಗೆದು ನೋಡಿದೆ. ಸಿಗುವ ಸಾಧ್ಯತೆ ಇದ್ದೂ ಅರ್ಜಿ ಹಾಕದ ಮನೆಗಳು ಹನ್ನೊಂದು. ಒಬ್ಬೊಬ್ಬರ ಜೊತೆ ಫೋನಿನಲ್ಲಿ ಕೂತು ಅರ್ಜಿ ತುಂಬಿಸಿದೆ. ಒಂದೊಂದಕ್ಕೆ ಒಂದೂವರೆ ಗಂಟೆ, ಆಮೇಲೆ ಸಂದರ್ಶನದ ಕರೆಗೆ ಇನ್ನೊಂದು ಗಂಟೆ. ಒಂಬತ್ತಕ್ಕೆ ಮಂಜೂರಾಯಿತು. ಒಂಬತ್ತು ಮನೆ, ತಿಂಗಳಿಗೆ 194. ವರ್ಷದ ಲೆಕ್ಕದಲ್ಲಿ 20,000 ಡಾಲರ್ ದಾಟುತ್ತದೆ. ನನ್ನ ಮೊದಲ ಗ್ರಾಂಟಿಗಿಂತ ಜಾಸ್ತಿ. ಅದಕ್ಕೆ ತಗುಲಿದ ಖರ್ಚು ನನ್ನ ಒಂದು ವಾರ.

ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿದೆ. ಮುಂದಿನ ಅರ್ಜಿ ಬರೆದಿದ್ದು ಆ ಚೀಟಿ ನೋಡಿಕೊಂಡು.

ಮುಂದಿನ ಅರ್ಜಿ ನಗರದ್ದು. ಸಿಡಿಬಿಜಿ ದುಡ್ಡಿನಲ್ಲಿ ಸಾಮಾನ್ಯವಾಗಿ ಶೇ. 15ಕ್ಕಿಂತ ಹೆಚ್ಚು ಜನಸೇವೆಗೆ ಖರ್ಚು ಮಾಡುವಂತಿಲ್ಲ. ಕೊರೋನಾ ಸಂಬಂಧದ ಕೆಲಸಕ್ಕೆ ಕೇರ್ಸ್ ಕಾಯ್ದೆ ಆ ಮಿತಿ ತೆಗೆದು ಹಾಕಿತ್ತು. ಹಾಗಾಗಿ ರಸ್ತೆ ಚರಂಡಿ ಬಿಟ್ಟು ನಮ್ಮಂಥವರ ಕಡೆಗೂ ನಗರ ನೋಡುತ್ತಿತ್ತು. ಈ ದುಡ್ಡಿಗೆ ಫಲಾನುಭವಿಗಳು ಕಡಿಮೆ ಆದಾಯದವರು ಅಂತ ತೋರಿಸಬೇಕು. ನಮಗೆ ಅದು ತಲೆನೋವೇ ಆಗಲಿಲ್ಲ. ವೃದ್ಧರಿಗಷ್ಟೇ ಕೊಡುವ ಸೇವೆಯಾದರೆ ಕಡಿಮೆ ಆದಾಯದವರೆಂದೇ ನಿಯಮ ಊಹಿಸಿಕೊಳ್ಳುತ್ತದೆ. ಅದೂ ಅಲ್ಲದೆ ಪ್ರತಿ ಮನೆಯ ಆದಾಯ ವರ್ಷವರ್ಷ ಪರಿಶೀಲಿಸಿದ ಕಡತ ಮ್ಯಾನೇಜರ್ ಕಪಾಟಿನಲ್ಲಿ ಇದ್ದೇ ಇರುತ್ತದೆ. ಸಬ್ಸಿಡಿ ಕಟ್ಟಡದಲ್ಲಿ ಕೆಲಸ ಮಾಡುವವರು ಇದನ್ನು ಮರೆತು ಮತ್ತೆ ಜನರಿಂದ ಆದಾಯದ ಚೀಟಿ ಕೇಳೋದನ್ನ ನೋಡಿದ್ದೇನೆ. ಯಾಕೆ ಸುಮ್ನೆ ಅವರಿಗೆ ಹಿಂಸೆ? ಹಾಗಂತ ಕಡತವನ್ನೇ ಜೆರಾಕ್ಸ್ ಮಾಡಿ ನಗರಕ್ಕೆ ಕಳಿಸುವ ಹಾಗೂ ಇಲ್ಲ. ಹೆಸರು ಬಿಟ್ಟು ಮನೆ ಸಂಖ್ಯೆಯ ಬದಲು ಒಂದು ಗುರುತು ಸಂಖ್ಯೆ ಕೊಟ್ಟು, ಪಟ್ಟಿ ಮಾತ್ರ ಕಳಿಸಿದೆವು.

ಕೇಳಿದ ಮೊತ್ತ 40,000. ಈ ಸಲ ಅರ್ಧಕ್ಕಿಂತ ಜಾಸ್ತಿ ಮನುಷ್ಯರಿಗೆ ಬರೆದೆ. ಇಬ್ಬರು, ವಾರಕ್ಕೆ ಇಪ್ಪತ್ತಿಪ್ಪತ್ತು ಗಂಟೆ, 26 ವಾರ. ಒಟ್ಟು 1,040 ಗಂಟೆ. ಗಂಟೆಗೆ 18 ಡಾಲರಿನಂತೆ 18,720. ಅದರ ಮೇಲೆ ಮಾಲೀಕರ ಪಾಲಿನ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ ಶೇ. 7.65, ಸುಮಾರು 1,432. ಹೊಸದಾಗಿ ಅರ್ಜಿ ಬರೆಯುವವರು ಈ 7.65 ಮರೆಯುತ್ತಾರೆ, ಆಮೇಲೆ ಅದು ಸಂಸ್ಥೆಯ ಕಿಸೆಯಿಂದ ಹೋಗುತ್ತದೆ. ಎರಡೂ ಸೇರಿ 20,152. ಉಳಿದದ್ದರಲ್ಲಿ ಊಟ, ಫೋನ್ ಮತ್ತು ಇಂಟರ್ನೆಟ್, ವ್ಯಾನಿನ ಓಡಾಟ, ಸ್ವಲ್ಪ ಮಾಸ್ಕ್.

ನಮ್ಮ ಬೋರ್ಡಿನಲ್ಲಿ ಇದಕ್ಕೆ ವಿರೋಧ ಬಂತು. "ಇಷ್ಟೊಂದು ಸಂಬಳಕ್ಕೇ ಕೇಳಿದರೆ ಕೊಡ್ತಾರಾ?" ನಾನು ಟ್ಯಾಬ್ಲೆಟ್ ಕಥೆ ಹೇಳಿದೆ. ಮುಜುಗರ ಆಯಿತು, ಆದರೆ ಕೆಲಸ ಮಾಡಿತು. ಅರ್ಜಿಯಲ್ಲೂ ಅದನ್ನೇ ಬರೆದೆ: ವಸ್ತು ಕೊಟ್ಟೆವು, ಮೂರರಲ್ಲಿ ಒಂದರಷ್ಟೂ ಬಳಕೆಯಾಗಲಿಲ್ಲ, ಕಾರಣ ಇದು, ಈ ಸಲ ಕೇಳುವುದು ಇದಕ್ಕೆ. "ಅಶಕ್ತ", "ನಿರ್ಗತಿಕ" ಅನ್ನೋ ಪದ ಒಂದೂ ಇರಲಿಲ್ಲ. ಬದಲಿಗೆ ಫೋನ್ ಹಾಳೆಯ ಲೆಕ್ಕ: ಇಂಟರ್ನೆಟ್ ಇಲ್ಲದ ಮನೆ 58, ಸಹಾಯಕಿ ಬರುವುದು ನಿಂತ ಮನೆ 14, ಇಂಗ್ಲಿಷ್ ಸಲೀಸಲ್ಲದ ಮನೆ 23. ಓದುವವರೂ ಮನುಷ್ಯರು. ದಿನಕ್ಕೆ ಮೂವತ್ತು ಅರ್ಜಿ ಓದುವವರಿಗೆ ಕರುಣೆಯ ಪದಗಳು ಎಲ್ಲ ಒಂದೇ ಥರ ಕಾಣುತ್ತವೆ. ಲೆಕ್ಕ ಮಾತ್ರ ಒಂದೊಂದು ಕಟ್ಟಡಕ್ಕೆ ಬೇರೆ.

ಅರ್ಜಿ ಕಳಿಸುವ ಮುಂಚೆ ಒಂದು ಗಂಡಾಂತರ ಕಾದಿತ್ತು. ಕೇಂದ್ರದಿಂದ ಬಂದ ಈ ದುಡ್ಡು ಪಡೆಯಲು ಸಂಸ್ಥೆ ಸ್ಯಾಮ್ ಅನ್ನುವ ಸರ್ಕಾರಿ ನೋಂದಣಿಯಲ್ಲಿ ಇರಬೇಕು ಅಂತ ನಗರ ಹೇಳಿತ್ತು, ಅದನ್ನು ವರ್ಷವರ್ಷ ನವೀಕರಿಸಬೇಕು. ನಮ್ಮದು ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅದಕ್ಕೆ ಲಾಗಿನ್ ಇದ್ದವರು ಹಿಂದಿನ ವರ್ಷವೇ ಕೆಲಸ ಬಿಟ್ಟು ಹೋಗಿದ್ದರು. ಅಧಿಕಾರ ಬದಲಾಯಿಸಲು ಆಗ ನೋಟರಿ ಸಹಿ ಹಾಕಿಸಿದ ಪತ್ರ ಬೇಕಿತ್ತು. ಲಾಕ್‌ಡೌನ್ ಹೊತ್ತಿನಲ್ಲಿ ನೋಟರಿ ಎಲ್ಲಿ ಹುಡುಕೋದು? ಕೊನೆಗೆ ಒಬ್ಬರು ಅವರ ಮನೆ ಅಂಗಳದಲ್ಲಿ, ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಮಾಡಿಕೊಟ್ಟರು. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನೋದು ಇದಕ್ಕೇ. ಈಗ ನನ್ನ ಕ್ಯಾಲೆಂಡರಿನಲ್ಲಿ ಆ ನವೀಕರಣಕ್ಕೆ ಮೂರು ನೆನಪೋಲೆ ಇವೆ. ಲಾಗಿನ್ ಇಬ್ಬರ ಹತ್ತಿರ ಇದೆ.

ನಗರದ ದುಡ್ಡು ಮಂಜೂರಾಯಿತು. ಆದರೆ ಅದು ಮರುಪಾವತಿ ರೀತಿಯದು. ಮೊದಲು ನೀವು ಖರ್ಚು ಮಾಡಿ, ರಸೀದಿ ಕಳಿಸಿ, ನಾವು ಕೊಡ್ತೀವಿ. ಒಪ್ಪಂದಕ್ಕೆ ಸಹಿ ಆಗಿದ್ದು ಆಗಸ್ಟ್, ಮೊದಲ ಚೆಕ್ ಬಂದಿದ್ದು ನವೆಂಬರ್. ಆ ಮೂರು ತಿಂಗಳ ಸಂಬಳ ಎಲ್ಲಿಂದ? ಸಂಸ್ಥೆಯ ಉಳಿತಾಯದಿಂದ ತೆಗೆಯಲು ಬೋರ್ಡ್ ಒಪ್ಪಿತು. ಉಳಿತಾಯ ಇಲ್ಲದ ಸಂಸ್ಥೆಗಳು ಆ ದುಡ್ಡಿಗೆ ಕೈಯೇ ಹಾಕಲಿಲ್ಲ. ನಿಜವಾಗಿ ಬೇಕಾದವರಿಗೇ ಎಟುಕದ ಹಾಗೆ ಇಟ್ಟ ದುಡ್ಡು ಅದು ಅಂತ ನನಗೆ ಈಗಲೂ ಸಿಟ್ಟಿದೆ.

ಹಡ್‌ನದ್ದೇ ದುಡ್ಡೂ ಬಂತು. 2020ರ ಜುಲೈ ಕೊನೆಗೆ ಪ್ರಕಟಣೆ, ಆಗಸ್ಟ್ ಮೊದಲ ವಾರಕ್ಕೆ ಗಡುವು. ಕೊರೋನಾದಿಂದಾಗಿ ಕಟ್ಟಡದ ಖರ್ಚು ಎಷ್ಟು ಜಾಸ್ತಿ ಆಯಿತೋ ಅದನ್ನು ಮಾಲೀಕ ಸಂಸ್ಥೆ ಕೇಳಬಹುದಿತ್ತು. ಶುಚಿತ್ವ, ರಕ್ಷಣೆಯ ಸಾಮಾನು, ಸಿಬ್ಬಂದಿಯ ಹೆಚ್ಚುವರಿ ಗಂಟೆ. ಅದನ್ನು ಮ್ಯಾನೇಜರ್ ಮತ್ತು ಅಕೌಂಟೆಂಟ್ ನೋಡಿಕೊಂಡರು. ನನ್ನ ಪಾಲಿಗೆ ಬಂದಿದ್ದು ಬೈಗುಳ ಮಾತ್ರ, ಅದು ಹೇಗೆ ಅಂತ ಹೇಳುತ್ತೇನೆ.

ಒಂದೇ ಖರ್ಚಿಗೆ ಎರಡು ಕಡೆಯಿಂದ ದುಡ್ಡು ಪಡೆಯುವಂತಿಲ್ಲ. ಕೇಳೋಕೆ ಸುಲಭ. ಆದರೆ ಮೂರು ಗ್ರಾಂಟ್, ಒಂದೇ ಅಂಗಡಿ, ಒಂದೇ ಬಗೆಯ ಮಾಸ್ಕ್ ಪೆಟ್ಟಿಗೆ. 412 ಡಾಲರಿನ ಒಂದು ಇನ್‌ವಾಯ್ಸ್ ನಾನು ನಗರದ ಬಿಲ್ಲಿಗೂ ಲಗತ್ತಿಸಿದ್ದೆ, ಹಡ್‌ಗೆ ಕೊಟ್ಟ ಕಟ್ಟಡದ ಲೆಕ್ಕದಲ್ಲೂ ಅದು ಹೋಗಿತ್ತು. ಅಕೌಂಟೆಂಟ್ ಹಿಡಿದರು. ತುಂಬಾ ಶಾಂತ ಮನುಷ್ಯ. ಅವತ್ತು ಅವರ ದನಿ ಒಂದು ಮೆಟ್ಟಿಲು ಮೇಲೆ ಹೋಗಿತ್ತು. ಬಿಲ್ ವಾಪಸ್ ತಗೊಂಡು ತಿದ್ದಿ ಕಳಿಸಿದೆವು, ದುಡ್ಡು ಇನ್ನೂ ಬಂದಿರಲಿಲ್ಲ, ಬಚಾವಾದೆವು. ಅವತ್ತಿನಿಂದ ಅವರು ಒಂದು ಪದ್ಧತಿ ತಂದರು. ರಸೀದಿ ಕೈಗೆ ಬಂದ ಕೂಡಲೇ, ಮೇಜಿನ ಮೇಲೆ ಇಡುವ ಮುಂಚೆಯೇ, ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ಒಂದಕ್ಷರ ಬರೆಯಬೇಕು. ದತ್ತಿ ನಿಧಿಗೆ ಹಸಿರು, ನಗರಕ್ಕೆ ಕೆಂಪು, ಹಡ್‌ಗೆ ನೀಲಿ. ಒಂದು ರಸೀದಿಗೆ ಒಂದೇ ಬಣ್ಣ. ಎರಡು ಗ್ರಾಂಟಿಗೆ ಸೇರುವ ಸಾಮಾನಿದ್ದರೆ ಅಂಗಡಿಯಲ್ಲೇ ಎರಡು ಬಿಲ್ ಮಾಡಿಸಬೇಕು. ಕ್ಯಾಷಿಯರ್‌ಗಳು ಮುಖ ಸಿಂಡರಿಸುತ್ತಿದ್ದರು. ಪರವಾಗಿಲ್ಲ, ಮಾಸ್ಕ್ ಹಾಕಿದ್ದರಿಂದ ಕಾಣುತ್ತಿರಲಿಲ್ಲ.

ಗಂಟೆಗಳ ಲೆಕ್ಕಕ್ಕೆ ಬಣ್ಣ ಸಾಲದು. ಕೇಂದ್ರದ ದುಡ್ಡಿನಲ್ಲಿ ಸಂಬಳ ಕೊಟ್ಟರೆ ಆ ವ್ಯಕ್ತಿ ಆ ಕೆಲಸವನ್ನೇ ಮಾಡಿದ ದಾಖಲೆ ಬೇಕು. ನಾವು ತಗೊಂಡ ಇಬ್ಬರಲ್ಲಿ ಒಬ್ಬಳು ನರ್ಸಿಂಗ್ ಓದುತ್ತಿದ್ದ ಹುಡುಗಿ. ಇನ್ನೊಬ್ಬರು ಕೆಲಸ ಕಳೆದುಕೊಂಡಿದ್ದ ಶಾಲಾ ಬಸ್ ಡ್ರೈವರ್. ಅವರಿಗೆ ರಷ್ಯನ್ ಬರುತ್ತಿತ್ತು, ಅದು ನಮ್ಮ ಅದೃಷ್ಟ. ದಿನದ ಹಾಳೆಯಲ್ಲಿ ಮನೆಯ ಗುರುತು ಸಂಖ್ಯೆ, ಶುರುವಾದ ಹೊತ್ತು, ಮುಗಿದ ಹೊತ್ತು, ಏನು ಮಾಡಿದ್ದು ಅಂತ ಒಂದು ಸಾಲು. ಹುಡುಗಿ ಚೆನ್ನಾಗಿ ಬರೆಯುತ್ತಿದ್ದಳು. ಡ್ರೈವರ್ ಮೊದಲ ವಾರ ಪೂರ್ತಿ "ಸಹಾಯ, ಸಹಾಯ, ಸಹಾಯ" ಅಂತ ಬರೆದಿದ್ದರು. ಕೂತು ಕೇಳಿದರೆ ಆ ಒಂದೊಂದು ಸಹಾಯದ ಹಿಂದೆ ಒಂದು ಕಥೆ. ಒಂದು ಮನೆಯ ಅಜ್ಜಿಗೆ ಔಷಧಿ ಅಂಗಡಿಯ ಫೋನ್ ಮೆನು ದಾಟಿಸಿದ್ದು. ಇನ್ನೊಂದು ಮನೆಗೆ ನಾಣ್ಯದ ಸುರುಳಿ ತಂದುಕೊಟ್ಟಿದ್ದು. ಬರೆಯೋಕೆ ಏನಿದೆ ಅದರಲ್ಲಿ ಅಂತ ಅವರ ಭಾವನೆ.

ಟ್ಯಾಬ್ಲೆಟ್ ಕಲಿಸುವುದಕ್ಕೆ ಆ ಹುಡುಗಿಯೇ ದಾರಿ ಕಂಡುಕೊಂಡಳು. ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿ, ಬಾಗಿಲು ಒಂದಡಿ ತೆರೆಸಿ, ತಾನೊಂದು ಅದೇ ಮಾದರಿಯ ಟ್ಯಾಬ್ಲೆಟ್ ಎತ್ತಿ ಹಿಡಿದು "ನಾನು ಒತ್ತಿದ್ದನ್ನೇ ಒತ್ತಿ" ಅನ್ನುತ್ತಿದ್ದಳು. ಒಂದು ಸಲಕ್ಕೆ ಒಂದೇ ಕೆಲಸ. ಈ ವಾರ ಕರೆ ಎತ್ತೋದು, ಮುಂದಿನ ವಾರ ಕರೆ ಮಾಡೋದು. ಹದಿನಾರು ಮನೆಗೆ ಗ್ರಾಂಟ್ ದುಡ್ಡಿನಲ್ಲಿ ಹಾಟ್‌ಸ್ಪಾಟ್ ಹಾಕಿಸಿದ್ದೆವು. ಡಿಸೆಂಬರ್ ಹೊತ್ತಿಗೆ 24ರಲ್ಲಿ ಹತ್ತೊಂಬತ್ತು ಟ್ಯಾಬ್ಲೆಟ್ ಓಡುತ್ತಿದ್ದವು. ಉಳಿದ ಐದು ಜನ "ಬೇಡ" ಅಂದರು. ವಾಪಸ್ ತಗೊಂಡು ಬೇರೆಯವರಿಗೆ ಕೊಟ್ಟೆವು. ಬೇಡ ಅನ್ನುವ ಹಕ್ಕೂ ಅವರದ್ದೇ, ಅಲ್ವಾ.

ಮಧ್ಯೆ ಒಂದು ಗಾಳಿಸುದ್ದಿ ಹಬ್ಬಿತ್ತು. ಸರ್ಕಾರ ಕೊಟ್ಟ 1,200 ಡಾಲರ್ ಖಾತೆಗೆ ಬಂದರೆ ಬಾಡಿಗೆ ಏರುತ್ತದೆ ಅಂತ. ಇಬ್ಬರು ಆ ಹಣವನ್ನು ವಾಪಸ್ ಕಳಿಸುವುದು ಹೇಗೆ ಅಂತ ಕೇಳಿದರು! ಅದು ತೆರಿಗೆ ರಿಯಾಯಿತಿಯ ಮುಂಗಡ. ಬಾಡಿಗೆ ಲೆಕ್ಕದಲ್ಲಿ ಅದನ್ನು ಆದಾಯ ಅಂತ ಹಿಡಿಯುವಂತಿಲ್ಲ. ದೊಡ್ಡ ಅಕ್ಷರದಲ್ಲಿ ನಾಲ್ಕು ಭಾಷೆಯಲ್ಲಿ ಬರೆದು ಲಿಫ್ಟ್ ಒಳಗೆ ಅಂಟಿಸಿದೆವು. ಅನುವಾದದ ಖರ್ಚು 180 ಡಾಲರ್, ಕೆಂಪು ಪೆನ್ನು.

ಜನವರಿ 19, 2021ಕ್ಕೆ ಓಹಾಯೊದಲ್ಲಿ 80 ದಾಟಿದವರಿಗೆ ಲಸಿಕೆ ಶುರುವಾಯಿತು. ಆಮೇಲೆ ವಾರಕ್ಕೆ ಐದೈದು ವರ್ಷ ಇಳಿಯುತ್ತಾ ಬಂತು. ಬುಕಿಂಗ್ ಎಲ್ಲ ಆನ್‌ಲೈನ್, ಒಂದೊಂದು ಔಷಧಿ ಅಂಗಡಿಗೆ ಒಂದೊಂದು ವೆಬ್‌ಸೈಟ್. ಬೆಳಗಿನ ಜಾವ ಜಾಗ ತೆರೆಯುತ್ತಿತ್ತು, ಹತ್ತು ನಿಮಿಷದಲ್ಲಿ ಖಾಲಿ. ಹತ್ತು ತಿಂಗಳ ಹಿಂದಿನ ಫೋನ್ ಹಾಳೆಯನ್ನು ವಯಸ್ಸಿನ ಪ್ರಕಾರ ಜೋಡಿಸಿ, ನಾವು ಮೂವರು ಲ್ಯಾಪ್‌ಟಾಪ್ ಮುಂದೆ ಕೂತೆವು. ಗ್ರಾಂಟಿನ 26 ವಾರ ಮುಗಿಯಲು ಮೂರು ವಾರ ಬಾಕಿ. ವ್ಯಾನಿನ ದುಡ್ಡು ಇನ್ನೂ ಉಳಿದಿತ್ತು. ಡ್ರೈವರ್ ದಿನಕ್ಕೆ ಮೂರು ಸುತ್ತು ಹೊಡೆದರು. ಹಿಮ ಬಿದ್ದ ದಿನವೂ. ಈ ಸಲ ಅವರ ಹಾಳೆಯಲ್ಲಿ "ಸಹಾಯ" ಅಂತ ಒಂದೇ ಪದ ಇರಲಿಲ್ಲ. 307ರ ಅಜ್ಜಿಯ ಸಾಲು: "ಮೊದಲ ಡೋಸ್, ವಾಕರ್ ಹಿಂದೆ ಇಟ್ಟೆ, ಬರುವಾಗ ಅಳುತ್ತಿದ್ದರು, ಖುಷಿಗೆ."

ಆ ವರ್ಷ ಬೇಸಿಗೆಯಲ್ಲಿ ನಗರದಿಂದ ತಪಾಸಣೆಗೆ ಒಬ್ಬರು ಬಂದರು. ಕೆಂಪು ಪೆನ್ನಿನ ರಸೀದಿಗಳನ್ನು ಹತ್ತು ನಿಮಿಷ ತಿರುವಿ ಪಕ್ಕಕ್ಕಿಟ್ಟರು. ಗಂಟೆಯ ಹಾಳೆಗಳನ್ನು ಮಾತ್ರ ನಿಧಾನವಾಗಿ ಓದಿದರು. ಅಕ್ಟೋಬರಿನ ಒಂದು ಮಂಗಳವಾರದ ಮೇಲೆ ಬೆರಳಿಟ್ಟು ಕೇಳಿದರು, "ಒಂದೇ ಮನೆಗೆ 45 ನಿಮಿಷ? ಏನು ಮಾಡಿದರು?"

ಗುರುತು ಸಂಖ್ಯೆ ನೋಡಿದೆ, 212ರ ತಾತ. ಹುಡುಗಿಯ ಕೈಬರಹದ ಸಾಲನ್ನು ಓದಿ ಹೇಳಿದೆ: "ಕಿವಿ ಮೆಷಿನ್ ಬ್ಯಾಟರಿ ಬದಲಾಯಿಸಿದ್ದು. ಆಮೇಲೆ ಮಗಳಿಗೆ ವಿಡಿಯೋ ಕರೆ ಮಾಡೋದು ಕಲಿಸಿದ್ದು. ಮೂರನೇ ಸಲಕ್ಕೆ ತಾವೇ ಮಾಡಿದರು."

ಅವರು ಪೆನ್ನು ತೆಗೆದು ಆ ಸಾಲಿನ ಪಕ್ಕ ಗುರುತು ಹಾಕಿದರು. "ಸರಿ, ಸೆಪ್ಟೆಂಬರ್ ಮಾಸ್ಕ್ ಇನ್‌ವಾಯ್ಸ್ ಎಲ್ಲಿದೆ?" ಅಂದರು.